ಮಾತ್ರೆ ‘ಒಗ್ಗಿದೆ’ ಅಂದರೆ ಯಾವ ಅರ್ಥ ಬರುತ್ತದೆ?

ಗೆಳೆಯರೇ,

ಟ್ರಮಡಾಲ್, ಮಾರ್ಫಿನ್ ತರಹದ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಎರಡು ಪದ ಕಾಡುತ್ತಿವೆ.

ಈ ಮಾತ್ರೆಗಳನ್ನು ಬಹಳ ದಿನ ತೆಗೆದುಕೊಂಡರೆ ಮೊದಲಿನಷ್ಟೇ ಅಳತೆಗೆ ನೋವು ಬಗ್ಗುವುದಿಲ್ಲ. ಇದಕ್ಕೆ ‘ಸಹಿಷ್ಣುತೆ’ ಅಂದರೆ ಜನರಿಗೆ ಜಾತಿ ಧರ್ಮದ ಮಾತು ನೆನಪಾಗುತ್ತದೆ. ಅದಕ್ಕೇ ‘ಮೈಗೆ ಮಾತ್ರೆ ಒಗ್ಗಿದೆ’ ಅಂತ ಬರೆದೆ. ನಮ್ಮತ್ತೆ ಓದಿ, “ಒಗ್ಗಿದ್ರೆ ಒಳ್ಳೇದೇ ಅಲ್ವಾ?” ಅಂದರು. ನನಗೆ ದಿಗಿಲಾಯಿತು. ಊರಿನ ನೀರು ಒಗ್ಗಿತು, ಹವೆ ಒಗ್ಗಿತು ಅನ್ನುತ್ತೇವಲ್ಲ, ಅವರಿಗೆ ಕೇಳಿಸಿದ್ದು ಆ ಅರ್ಥ. ಇಲ್ಲಿ ಹೇಳಬೇಕಾದದ್ದೇ ಬೇರೆ. ನೋವು ಇಳಿಯಲಿಲ್ಲ ಅಂತ ತಾವೇ ಇನ್ನೊಂದು, ಮತ್ತೊಂದು ನುಂಗಿದರೆ ಮಂಪರು ಹತ್ತಿ, ಉಸಿರು ನಿಧಾನವಾಗಿ ನಿಂತೇ ಹೋಗಬಹುದು. ಹೆಂಡವೋ ನಿದ್ದೆ ಮಾತ್ರೆಯೋ ಜೊತೆಗೆ ಸೇರಿದರಂತೂ ಅಪಾಯ ಇನ್ನೂ ಜಾಸ್ತಿ. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಅಳತೆಯಲ್ಲೇ ತೆಗೆದುಕೊಳ್ಳುವುದೂ ಅಷ್ಟೇ ಅಪಾಯ. ಅಷ್ಟರಲ್ಲಿ ಮೈಗೆ ಆ ತಾಳಿಕೆ ಹೋಗಿರುತ್ತದೆ.

‘ಮೈ ಜಡ್ಡುಗಟ್ಟಿದೆ’ ಅಂದರೆ ಹೇಗೆ? ಮೈಸೂರು ಕಡೆಯವಳಾದ ನನಗೆ ಇದು ಸರಿ ಅನ್ನಿಸುತ್ತದೆ. ಆದರೆ ಧಾರವಾಡದ ಕಡೆ ಜಡ್ಡು ಅಂದರೆ ಕಾಯಿಲೆ. ಆ ಕಡೆಯವರು ದಯವಿಟ್ಟು ಹೇಳಿ.

ಎರಡನೆಯದು ‘ಚಟ’. ವೈದ್ಯರು ಹೇಳಿದಂತೆಯೇ ಕೆಲವು ವಾರ ತೆಗೆದುಕೊಂಡವರಿಗೂ ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಭೇದಿ, ಮೈಕೈ ನೋವು, ನಿದ್ದೆಗೇಡು ಬರಬಹುದು. ಇದು ಚಟವಲ್ಲ. ಮೈ ಆ ಮಾತ್ರೆಗೆ ಹೊಂದಿಕೊಂಡಿದೆ, ಅಷ್ಟೇ. ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ಆಯಿತು. ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಮನಸ್ಸು ಅದನ್ನೇ ಹುಡುಕಿಕೊಂಡು ಹೋಗುವುದು ಬೇರೆ. ಎರಡಕ್ಕೂ ಚಟ ಅಂದರೆ ಅನ್ಯಾಯ. ಆ ಪದದಲ್ಲಿ ಬೈಗುಳವೂ ಸೇರಿಕೊಂಡಿದೆ. ‘ವ್ಯಸನ’ ಅನ್ನೋಣವೆಂದರೆ ಅದಕ್ಕೆ ದುಃಖ ಅನ್ನುವ ಅರ್ಥವೂ ಇದೆ.

ಇದು ಸುಮ್ನೆ ಪದದ ಜಗಳವಲ್ಲ. ಟ್ರಮಡಾಲ್ 2018ರಲ್ಲಿ ಮಾದಕವಸ್ತು ಕಾಯ್ದೆಯ ಕೆಳಗೆ ಬಂತು. ಮಾರ್ಫಿನ್ ಮೊದಲಿಂದಲೂ ಅಲ್ಲೇ ಇದೆ. ‘ಮಾದಕ’, ‘ಚಟ’ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೂ ಮನೆಯವರು ಮಾರ್ಫಿನ್ ಬೇಡ ಅನ್ನುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಹಾಗೇ ಆಯಿತು. ಕೊನೆಯ ತಿಂಗಳು ಅವರು ಪಟ್ಟ ನೋವನ್ನು ನಾನು ಮರೆತಿಲ್ಲ.

ಮಾತ್ರೆ ನಿಲ್ಲಿಸಿದಾಗ ಆಗುವ ಆ ಸಂಕಟಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಅಫೀಮು ಬಿಟ್ಟವರ ಬಗ್ಗೆ ಹಳ್ಳಿಗಳಲ್ಲಿ ಹೇಳುತ್ತಿದ್ದ ಮಾತೇನಾದರೂ ನೆನಪಿದ್ದರೆ ಅದನ್ನೂ ಬರೆಯಿರಿ.