ಪದಚರ್ಚೆ: ನೀರಾವಿ ‘ಪಾರಗಮ್ಯತೆ’ – ಮೂರು ಅಳತೆಗೆ ಒಂದೇ ಪದ ಸಾಕೇ?

ನಮಸ್ಕಾರ. ಬೆಂಗಳೂರಿನ ಆಹಾರ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಪ್ರಯೋಗ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಪಿಷ್ಟದ ಫಿಲ್ಮನ್ನು ನೀರಾವಿ ಎಷ್ಟು ದಾಟುತ್ತದೆ ಎಂದು ಅಳೆಯುವ ಪಾಠದಲ್ಲಿ ತೊಡಕಾಗಿದೆ. ಟ್ರಾನ್ಸ್‌ಮಿಷನ್ ರೇಟ್, ಪರ್ಮಿಯೆನ್ಸ್, ಪರ್ಮಿಯಬಿಲಿಟಿ ಮೂರಕ್ಕೂ ಕರಡಿನಲ್ಲಿ ‘ಪಾರಗಮ್ಯತೆ’ ಎಂದೇ ಇದೆ. ಹೊಯ್ದ ಇಡೀ ಫಿಲ್ಮೂ ‘ಮಾದರಿ’, ಅದರಿಂದ ಕತ್ತರಿಸಿದ್ದೂ ‘ಮಾದರಿ’. ಕಂಡೀಷನಿಂಗ್‌ಗೆ ‘ಅನುಕೂಲನ’ ಎಂದು ಹಾಕಿದ್ದಾರೆ, ಓದಿದರೆ ಏನೂ ಹೊಳೆಯುವುದಿಲ್ಲ. ಈ ಕೆಲಸ ಬಲ್ಲವರು ಏನನ್ನುತ್ತೀರಿ?

—

ನಮಸ್ಕಾರ ಮೇಡಂ. ಕೆಲಸದ ಕ್ರಮ ಹಿಡಿದು ಹೋದರೆ ಪದಗಳು ಎಲ್ಲಿ ಬೇರೆಯಾಗಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

100 ಮಿ.ಲೀ. ನೀರಿಗೆ 4 ಗ್ರಾಂ ಪಿಷ್ಟ, 1.2 ಗ್ರಾಂ ಗ್ಲಿಸರಾಲ್. 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೈಯಾಡಿಸುತ್ತ ಗಂಜಿ ಮಾಡಿ, ಬಿಸಿಯಿರುವಾಗಲೇ ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು, ತಟ್ಟೆಗೆ ಹೊಯ್ದು 40 ಡಿಗ್ರಿಯಲ್ಲಿ ಒಣಗಿಸಬೇಕು. ಓವನ್ನಿನಲ್ಲಿ ತಟ್ಟೆ ಕೂರುವ ಹಲಗೆಯನ್ನು ಮೊದಲು ರಸಮಟ್ಟ ಇಟ್ಟು ನೋಡಿಕೊಳ್ಳಬೇಕು; ವಾಲಿದ್ದರೆ ಒಂದೇ ಫಿಲ್ಮಿನ ಒಂದಂಚು 60 ಮೈಕ್ರಾನ್, ಇನ್ನೊಂದಂಚು 110 ಆಗುವುದುಂಟು. ತಟ್ಟೆಯಿಂದ ಬಿಡಿಸಿದ ಇದನ್ನು ‘ಹಾಳೆ’ ಅನ್ನಿ. ‘ಪೊರೆ’ ಎಂದರೆ ವಿದ್ಯಾರ್ಥಿಗೆ ಜೀವಕೋಶ ನೆನಪಾಗುತ್ತದೆ.

ಅಳೆಯುವಾಗ ಆವಿ ಹೀರುವ ಪದಾರ್ಥ ತುಂಬಿದ ಬಟ್ಟಲಿನ ಬಾಯಿಗೆ ಫಿಲ್ಮ್ ಮುಚ್ಚಿ, ತೂಕ ಎಷ್ಟು ಏರುತ್ತದೆ ಎಂದು ನೋಡುತ್ತಾರೆ. ಬಟ್ಟಲಿನ ಬಾಯಿ 50 ಮಿ.ಮೀ. ಇದ್ದರೆ 60 ಮಿ.ಮೀ. ವ್ಯಾಸಕ್ಕೆ ಕತ್ತರಿಸುತ್ತಾರೆ, ಸುತ್ತಲಿನ 5 ಮಿ.ಮೀ. ಮೇಣ ಕೂರುವುದಕ್ಕೆ. ಇದು ‘ಬಿಲ್ಲೆ’. ಬೆಳಕಿಗೆ ಹಿಡಿದು ಸೂಜಿತೂತು, ಗುಳ್ಳೆಯ ಗುರುತು ಇದ್ದವನ್ನು ಕೈಬಿಡಬೇಕು. ಕತ್ತರಿಗಿಂತ ಪಂಚ್ ವಾಸಿ: ಕತ್ತರಿ ಬಿಟ್ಟ ಸಣ್ಣ ಸೀಳು ಮೇಣದಡಿಯಿಂದ ಒಳಕ್ಕೆ ಓಡಿದರೆ ಅಲ್ಲೇ ಆವಿ ನುಸುಳುತ್ತದೆ. ‘ಮಾದರಿ’ ಅನ್ನುವುದನ್ನು ಈ ಪಾಠದಿಂದಲೇ ತೆಗೆದುಹಾಕಿದರೂ ನಷ್ಟವಿಲ್ಲ.

ಕಂಡೀಷನಿಂಗ್ ಎಂದರೆ ಬಿಲ್ಲೆಯನ್ನು ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಮೆಗ್ನೀಷಿಯಂ ನೈಟ್ರೇಟ್‌ನ ಪರ್ಯಾಪ್ತ ದ್ರಾವಣದ ಮೇಲೆ, 25 ಡಿಗ್ರಿಯಲ್ಲಿ, 48 ಗಂಟೆ ಇಡುವುದು. ಒಳಗಿನ ಸಾಪೇಕ್ಷ ಆರ್ದ್ರತೆ ಶೇ. 53ರಲ್ಲಿ ನಿಲ್ಲುತ್ತದೆ. ಗ್ಲಿಸರಾಲ್ ಇರುವ ಹಾಳೆ ಸುತ್ತಲಿನ ಗಾಳಿಯ ತೇವವನ್ನೇ ಅನುಸರಿಸುತ್ತದೆ. ನಮ್ಮ ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಕತ್ತರಿಸಹೋದರೆ ಬಿರುಕು ಬಿಡುವುದು, ಜುಲೈ ಮಳೆಯಲ್ಲಿ ಬೆರಳಿಗೆ ಅಂಟುತ್ತದೆ. ಪಾಕಕ್ಕೆ ಹದ ನೋಡುವ ಹಾಗೆ ಇದಕ್ಕೂ ಹದವುಂಟು, ಆದ್ದರಿಂದ ‘ತೇವದ ಹದಕ್ಕೆ ತರುವುದು’. ದಪ್ಪ ಅಳೆಯುವುದು ಇದಾದ ಮೇಲೆ: ನಡುವೆ ಒಂದು ಕಡೆ, ಸುತ್ತ ನಾಲ್ಕು ಕಡೆ, ಮೈಕ್ರೋಮೀಟರಿನ ರ್‍ಯಾಚೆಟ್ (ಬಿಗಿತ ಹೆಚ್ಚದಂತೆ ಜಾರುವ ತುದಿ) ತಿರುಗಿಸಿಯೇ. ಬೆರಳ ಬಲದಿಂದ ಬಿಗಿದರೆ ಮೆತ್ತನೆಯ ಫಿಲ್ಮ್ ತಗ್ಗಿ ತೆಳ್ಳಗೆ ತೋರಿಸುತ್ತದೆ.

ಎಎಸ್‌ಟಿಎಂ ಇ96 ಎಂಬ ಪ್ರಮಾಣಿತ ಪರೀಕ್ಷಾ ವಿಧಾನದಲ್ಲಿ ಬಟ್ಟಲಿಗೆ 200 ಡಿಗ್ರಿಯಲ್ಲಿ ಒಣಗಿಸಿದ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ, ಬಿಲ್ಲೆಗೂ ಅದಕ್ಕೂ ಸುಮಾರು 6 ಮಿ.ಮೀ. ಖಾಲಿ ಬಿಡಬೇಕು. ಅಂಚಿಗೆ ಮೇಣ, 60 ಪಾಲು ಮೈಕ್ರೋಕ್ರಿಸ್ಟಲೈನ್, 40 ಪಾಲು ಪ್ಯಾರಾಫಿನ್ ಕೂಡಿಸಿದ್ದು ಒಡೆಯುವುದಿಲ್ಲ. ತೀರಾ ಬಿಸಿ ಮೇಣ ಬಿಲ್ಲೆಯ ಮೇಲೆ ಒಳಗಡೆಗೆ ಹರಿದು ವಿಸ್ತೀರ್ಣ ತಿನ್ನುತ್ತದೆ. ಮೇಣ ಸರಿ ಕೂತಿದೆಯೇ ಎಂದು ನೋಡಲು ಒಂದು ಬಟ್ಟಲಿಗೆ ಫಿಲ್ಮಿನ ಬದಲು ಅಲ್ಯೂಮಿನಿಯಂ ಫಾಯಿಲ್ ಹಾಕಿ. ಅದರ ತೂಕವೂ ಏರುತ್ತಿದ್ದರೆ ತಪ್ಪು ಫಿಲ್ಮಿನದಲ್ಲ.

ಈಗ ಮೂರು ಅಳತೆ. ಬಟ್ಟಲುಗಳನ್ನು ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣವಿರುವ ಪೆಟ್ಟಿಗೆಯಲ್ಲಿ, 25 ಡಿಗ್ರಿ, ಶೇ. 75 ಆರ್ದ್ರತೆಯಲ್ಲಿ ಇಟ್ಟಿದೆ, ಸಮಯಕ್ಕೆ ಎದುರಾಗಿ ಬರೆದ ತೂಕದ ಗೆರೆ ನೇರವಾದ ಮೇಲೆ ಗಂಟೆಗೆ 0.05 ಗ್ರಾಂ ಏರುತ್ತಿದೆ ಎನ್ನಿ. ಬಾಯಿಯ ವಿಸ್ತೀರ್ಣ 19.6 ಚದರ ಸೆಂ.ಮೀ. ಅಂದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 611 ಗ್ರಾಂ. ಇದು ಟ್ರಾನ್ಸ್‌ಮಿಷನ್ ರೇಟ್: ‘ಆವಿ ದಾಟುವ ದರ’. ಎರಡು ಬದಿಯ ಆವಿ ಒತ್ತಡದ ವ್ಯತ್ಯಾಸ 2.38 ಕಿಲೋಪಾಸ್ಕಲ್, ಅದರಿಂದ ಭಾಗಿಸಿದರೆ ಕಿಲೋಪಾಸ್ಕಲ್ ಒಂದಕ್ಕೆ 257 ಗ್ರಾಂ, ಅದು ಪರ್ಮಿಯೆನ್ಸ್. ದಪ್ಪ 0.08 ಮಿ.ಮೀ. ಇಂದ ಗುಣಿಸಿದರೆ ಸುಮಾರು 20.5, ಅದು ಪರ್ಮಿಯಬಿಲಿಟಿ. ಪರ್ಮಿಯೆನ್ಸ್ ಆ ಹಾಳೆಗೆ ಸೇರಿದ್ದು, ಪರ್ಮಿಯಬಿಲಿಟಿ ಪದಾರ್ಥಕ್ಕೆ. ‘ನೀರಾವಿ ಪಾರಗಮ್ಯತೆ’ ಎಂಬುದನ್ನು ಕೊನೆಯದಕ್ಕೆ ಮಾತ್ರ ಮೀಸಲಿಡಿ. ನಡುವಿನದನ್ನು ಪರ್ಮಿಯೆನ್ಸ್ ಎಂದೇ ಬಿಟ್ಟರೆ ಒಳ್ಳೆಯದು; ‘ಪಾರಗತೆ’, ‘ಪಾರಕತೆ’ ಅಂತ ಹೊಸೆದರೆ ಅಚ್ಚಿನ ಒಂದಕ್ಷರದ ತಪ್ಪಿಗೆ ಲೆಕ್ಕವೇ ಕೆಡುತ್ತದೆ.

ಇನ್ನೊಂದು ಮಾತು. ಕ್ಯಾಲ್ಸಿಯಂ ಕ್ಲೋರೈಡ್ ತನ್ನ ಮೊದಲ ತೂಕದ ಶೇ. 10ರಷ್ಟು ನೀರು ಹೀರುವ ಮುನ್ನ ನಿಲ್ಲಿಸಬೇಕು. ಮೇಲಿನ ಬಟ್ಟಲಲ್ಲಿ 20 ಗ್ರಾಂ ಇದ್ದರೆ ಎರಡು ದಿನವೂ ಸಿಗುವುದಿಲ್ಲ. ಕೈಪಿಡಿಯಲ್ಲಿ ಇದು ಬಿಟ್ಟುಹೋಗದಿರಲಿ.

—

ಧನ್ಯವಾದ ಸರ್. ‘ಬಿಲ್ಲೆ’, ‘ಹದ’ ಎರಡನ್ನೂ ತೆಗೆದುಕೊಳ್ಳುತ್ತೇವೆ. ಕರಡಿನ ಒಂದು ಕಡೆ ‘ತೇವಾಂಶ ಪಾರಗಮ್ಯತೆ’ ಅಂತಲೂ ಇದೆ, ಅದು ನಡೆಯುತ್ತದೆಯೇ?

—

ಬೇಡ ಮೇಡಂ. ತೇವಾಂಶ ಎಂದರೆ ಹಾಳೆಯೊಳಗೆ ಇರುವ ನೀರಿನ ಪಾಲು, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ ತಿಳಿಯುವುದು. ಅದೇ ಪಾಠದ ಪಟ್ಟಿಯಲ್ಲಿ ಅದಕ್ಕೂ ಒಂದು ಕಾಲಂ ಬರುತ್ತದೆ. ದಾಟುವುದು ನೀರಾವಿ.