ಉಣ್ಣಿ ಜ್ವರಕ್ಕೆ ಒಂದೇ ಮಾತ್ರೆ ಸಾಕಾ?

ಗುಂಪು: ಕುಟ್ಟ ತೋಟದ ಮನೆ

ರಮೇಶ್ ಚಿಕ್ಕಪ್ಪ: (ಫಾರ್ವರ್ಡ್) ಅಮೆರಿಕದಲ್ಲಿ ಒಬ್ಬರಿಗೇ ಎರಡು ಮೂರು ಉಣ್ಣಿ ಕಾಯಿಲೆ ಒಟ್ಟಿಗೆ! ಎಲ್ಲಕ್ಕೂ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಒಂದೇ ಸಾಕು. ಎಲ್ಲರಿಗೂ ಕಳಿಸಿ.

ಶ್ವೇತಾ: ಚಿಕ್ಕಪ್ಪ, ದಯವಿಟ್ಟು ಇದನ್ನು ತೋಟದ ಕೆಲಸದವರ ಗುಂಪಿಗೆ ಹಾಕಬೇಡಿ. ಮೊದಲ ಮಾತು ನಿಜ, ಎರಡನೆಯದು ತಪ್ಪು.

ರಮೇಶ್ ಚಿಕ್ಕಪ್ಪ: ಆಗಲೇ ಹಾಕಿಯಾಯ್ತು ಕಣಮ್ಮ. ಕೆಲಸದವರ ಲೈನ್ ಮನೆ ಹುಡುಗನಿಗೆ ಡಾಕ್ಟರು ಅದನ್ನೇ ಕೊಟ್ಟಿದ್ದರಲ್ಲ? ಬೇಗ ಎದ್ದು ಕೂತ.

ಶ್ವೇತಾ: ಅವನಿಗಿದ್ದದ್ದು ಸ್ಕ್ರಬ್ ಟೈಫಸ್. ಕಂಕುಳಲ್ಲಿ ಸಿಗರೇಟು ಸುಟ್ಟ ಹಾಗೆ ಕಪ್ಪು ಹಕ್ಕಳೆ ಇತ್ತು. ಅದನ್ನು ತರುವುದು ಉಣ್ಣಿ ಅಲ್ಲ, ನುಸಿಯ ಮರಿ. ಬ್ಯಾಕ್ಟೀರಿಯಾ ಕಾಯಿಲೆ, ಡಾಕ್ಸಿ ಕೆಲಸ ಮಾಡಿತು.

ಅಮೆರಿಕದ ಈಶಾನ್ಯ ಭಾಗದಲ್ಲಿ ಜಿಂಕೆ ಉಣ್ಣಿಯೇ ಲೈಮ್, ಅನಾಪ್ಲಾಸ್ಮಾ, ಬೆಬೇಸಿಯಾ ಮೂರು ಸೋಂಕನ್ನೂ ಹರಡುತ್ತದೆ. ಮೊದಲೆರಡು ಬ್ಯಾಕ್ಟೀರಿಯಾದವು, ಡಾಕ್ಸಿ ಆಗುತ್ತದೆ. ಬೆಬೇಸಿಯಾ ಹಾಗಲ್ಲ, ಅದು ಕೆಂಪು ರಕ್ತಕಣದ ಒಳಗೇ ಬೆಳೆಯುವ ಪರಾವಲಂಬಿ. ಅಟೊವಕ್ವೋನ್, ಅಜಿತ್ರೊಮೈಸಿನ್ ಎರಡನ್ನೂ ಸೇರಿಸಿ ಕೊಡುತ್ತಾರೆ. ಲೈಮ್‌ಗೆ ಮಾತ್ರೆ ನಡೀತಿದೆ, ಆದರೂ ಜ್ವರ ಬಿಡುತ್ತಿಲ್ಲ, ಬೆವರು, ಹಿಮೋಗ್ಲೋಬಿನ್ ಇಳಿಯುತ್ತಿದೆ ಅಂದರೆ ಜೊತೆಗೆ ಇನ್ನೊಂದು ಕಾಯಿಲೆ ಇದೆಯಾ ಅಂತ ಹುಡುಕಬೇಕು. ಮೈಕ್ರೋಸ್ಕೋಪಿನಡಿ ರಕ್ತದ ಸ್ಲೈಡಿನಲ್ಲಿ ಬೆಬೇಸಿಯಾ ಸಣ್ಣ ಉಂಗುರದ ಹಾಗೆ ಕಾಣುತ್ತದೆ. ಮಲೇರಿಯಾ ಅಂತಲೇ ಅನ್ನಿಸುತ್ತದೆ. ನಾಲ್ಕು ಕೂಡಿ ಶಿಲುಬೆ ಆಕಾರ ಕಂಡರೆ ಗುರುತು ಸಿಗುತ್ತದೆ, ಆದರೆ ಅದು ಅಪರೂಪ. ಲ್ಯಾಬಿನಲ್ಲಿ ಕೂರುವ ನಮಗೆ ಗೊತ್ತು, ಇಂಥದ್ದು ಎಷ್ಟು ಸುಲಭವಾಗಿ ಕಣ್ತಪ್ಪುತ್ತದೆ ಅಂತ.

ಕಿರಣ್: ಅದೆಲ್ಲ ಅಲ್ಲಿಯದು ಅಕ್ಕ. ಸುಮ್ನೆ ಯಾಕೆ ಹೆದರಿಸ್ತೀಯ?

ಶ್ವೇತಾ: ಇಲ್ಲಿ ನನ್ನ ಭಯ ಮಂಗನ ಕಾಯಿಲೆಯದು ಕಿರಣ್. ಅದೂ ಉಣ್ಣಿಯಿಂದಲೇ ಬರುತ್ತದೆ, ಆದರೆ ಅದು ವೈರಸ್, ಡಾಕ್ಸಿ ಅದಕ್ಕೆ ಏನೂ ಮಾಡುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ್ದು, 2012ರಲ್ಲಿ ಬಂಡೀಪುರದ ಹತ್ತಿರ ಬಂತು, 2015ರಲ್ಲಿ ಕೇರಳದ ವಯನಾಡಿನಲ್ಲಿ ಜೋರಾಗಿ ಹಬ್ಬಿತು. ನಮ್ಮ ಕೊಡಗಿನ ಕುಟ್ಟ ದಾಟಿದರೆ ವಯನಾಡೇ ಅಲ್ವಾ? ನಾವು ಕಾಫಿ ಕೊಯ್ಯುವ ತಿಂಗಳುಗಳೇ ಉಣ್ಣಿ ಮರಿಗಳ ಕಾಲ. ಕಾಡಂಚಿನಲ್ಲಿ ಸೌದೆ ಆರಿಸುವವರಿಗೆ ನುಸಿಯೂ ಕಚ್ಚುತ್ತದೆ, ಉಣ್ಣಿಯೂ ಕಚ್ಚುತ್ತದೆ. ಒಂದು ರಿಪೋರ್ಟ್ ಪಾಸಿಟಿವ್ ಬಂತು ಅಂತ ಇನ್ನೊಂದು ಇಲ್ಲ ಅನ್ನುವ ಹಾಗಿಲ್ಲ.

ಸುಮಿತ್ರತ್ತೆ: ಉಣ್ಣಿ ಕಚ್ಚಿ ಹಿಡಿದರೆ ಸೀಮೆಎಣ್ಣೆ ಹಾಕಬಹುದಾ ಶ್ವೇತಾ?

ಶ್ವೇತಾ: ಬೇಡ ಅತ್ತೆ. ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ತಿರುಗಿಸಬೇಡಿ, ಬೆರಳಲ್ಲಿ ಹಿಸುಕಲೂಬೇಡಿ.

ರಮೇಶ್ ಚಿಕ್ಕಪ್ಪ: ಹಾಗಾದ್ರೆ ಡಾಕ್ಸಿ ಬೇಡ ಅಂತೀಯಾ?

ಶ್ವೇತಾ: ಡಾಕ್ಟರು ಬರೆದರೆ ಒಂದು ದಿನವೂ ತಡ ಮಾಡಬೇಡಿ. ಸ್ಕ್ರಬ್ ಟೈಫಸ್ ಆದರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ‘ಇನ್ನೆರಡು ದಿನ ನೋಡೋಣ’ ಅನ್ನದೆ ಮತ್ತೆ ಕರೆದುಕೊಂಡು ಹೋಗಿ. ಎಲ್ಲಿ ಕೆಲಸ ಮಾಡಿದ್ದು, ಸತ್ತ ಮಂಗ ಕಂಡಿದ್ದಾ, ಎಲ್ಲ ಹೇಳಿ. ಒಸಡಲ್ಲಿ ರಕ್ತ ಬಂದರೆ ಆ ಕ್ಷಣವೇ ಹೊರಡಿ. ಮೈಕೈ ನೋವಿಗೆ ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ಕೊಡಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು.

ರಮೇಶ್ ಚಿಕ್ಕಪ್ಪ: ಸರಿ, ಅದರ ಕೆಳಗೆ ನಿನ್ನದನ್ನೂ ಹಾಕ್ತೀನಿ ಬಿಡು.

ಶ್ವೇತಾ: ಮೊದಲು ಅದನ್ನು ಡಿಲೀಟ್ ಮಾಡಿ ಚಿಕ್ಕಪ್ಪ. ಜ್ವರ ಬಂದವರು ಮೊದಲು ಕಂಡದ್ದನ್ನೇ ಓದಿ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ತುಂಬಾ ಜನ ಓದುವುದೂ ಇಲ್ಲ. ನಾಳೆ ಕಾಫಿ ಹಣ್ಣು ತೂಕ ಹಾಕುವಾಗ ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಬಾಯಲ್ಲೇ ಹೇಳಿಸಿ.