ಓದುಗರ ಸ್ಪಂದನ: ವೈರಿಂಗ್ ಬರುತ್ತದೆ, ಮ್ಯಾನ್ಯುಯಲ್ ಬಾರದು

(ಎಲೆಕ್ಟ್ರಿಷಿಯನ್ ತರಬೇತಿ ಮುಗಿಸುತ್ತಿರುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ, ‘ಇಂಗ್ಲಿಷ್ ಮ್ಯಾನ್ಯುಯಲ್ ಕಂಡರೆ ತಲೆ ಓಡುವುದಿಲ್ಲ. ಕೆಲಸಕ್ಕೆ ಸೇರುವ ಮೊದಲು ವ್ಯಾಕರಣ ಕಲಿಯಲೇ?’ ಎಂದು ಕೇಳಿದ್ದರು. –ಸಂ.)

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲವನು ನಾನು. ಆದರೂ ಹೊಸ ಯಂತ್ರ ಬಂದಾಗ ಅದರ ಪುಸ್ತಕ ನನ್ನ ಕೈಗೆ ಕೊಡುತ್ತಿರಲಿಲ್ಲ. ‘ನೀನು ಸ್ಪ್ಯಾನರ್ ಹಿಡಿ, ಸಾಕು’ ಎನ್ನುತ್ತಿದ್ದರು. ನನ್ನ ಕೈಕೆಳಗೆ ಕಲಿತವರು ಸೂಪರ್‌ವೈಸರ್ ಆದರು. ಆ ಸಿಟ್ಟು ಇನ್ನೂ ಆರಿಲ್ಲ, ಬಿಡಿ. ನಿವೃತ್ತಿ ಹತ್ತಿರವಾದಾಗ ಕಿರಿಯ ಇಂಜಿನಿಯರ್ ಒಬ್ಬಳು ಪಕ್ಕದಲ್ಲಿ ಕೂತು ತೋರಿಸಿಕೊಟ್ಟಳು: ಮ್ಯಾನ್ಯುಯಲನ್ನು ಮೊದಲ ಪುಟದಿಂದ ಓದಬೇಕಿಲ್ಲ. ಪರಿವಿಡಿ ನೋಡಿ, ಟ್ರಬಲ್‌ಶೂಟಿಂಗ್ ಕೋಷ್ಟಕಕ್ಕೆ ಹೋಗಿ, ಚಿತ್ರದಲ್ಲಿನ ಅಂಕಿ ಹಿಡಿದು ಭಾಗದ ಹೆಸರು ಹುಡುಕಬೇಕು. ನೋಡಿದರೆ ಫ್ಯೂಸ್, ರಿಲೇ, ಟರ್ಮಿನಲ್, ಓವರ್‌ಲೋಡ್, ಎಲ್ಲ ನಾನು ದಿನವೂ ಆಡುವ ಮಾತೇ! ಎಡವಿಸುವುದು ಬಿಫೋರ್, ಅನ್‌ಟಿಲ್, ಅನ್‌ಲೆಸ್‌ನಂಥ ಪುಟ್ಟವು. ‘ರಿಮೂವ್ ದ ಕವರ್ ಓನ್ಲಿ ಆಫ್ಟರ್ ಡಿಸ್ಕನೆಕ್ಟಿಂಗ್ ದ ಸಪ್ಲೈ’ (ಸಪ್ಲೈ ತಪ್ಪಿಸಿದ ಮೇಲಷ್ಟೇ ಕವರ್ ತೆಗೆಯಿರಿ) ಎಂದಿದ್ದರೆ ಕಣ್ಣಿಗೆ ಮೊದಲು ಬೀಳುವುದು ಕವರ್. ಕೈ ಮೊದಲು ಹೋಗಬೇಕಾದದ್ದು ಸಪ್ಲೈಗೆ.
–ನಿವೃತ್ತ ಮೆಂಟೆನೆನ್ಸ್ ಕೆಲಸಗಾರ

(ಹೀಗೆ ನೊಂದು ಬರೆದವರು ಇನ್ನೂ ಹಲವರು. ಬೇರೆ ದನಿಯೂ ಇದೆ. –ಸಂ.)

ಇಷ್ಟು ವರ್ಷ ಏನು ಮಾಡುತ್ತಿದ್ದಿರಿ? ಪತ್ರ ಬರೆದ ಹೊತ್ತಿನಲ್ಲಿ ಎರಡು ಪುಟ ಓದಬಹುದಿತ್ತು.
–ಒಬ್ಬ ಓದುಗ

ಓದುವುದಿರಲಿ, ಮೊದಲು ಧೈರ್ಯವಾಗಿ ಮಾತಾಡಿ. ನನ್ನ ಮಗಳು ದಿನಾ ಕನ್ನಡಿಯ ಮುಂದೆ ನಿಂತು ಮಾತಾಡಿಯೇ ಇಂಟರ್‌ವ್ಯೂ ಗೆದ್ದಳು.
–ಗೃಹಿಣಿ

(ಮಗಳಿಗೆ ಅಭಿನಂದನೆ. ಪ್ರಶ್ನೆ ಓದಿನದಾದ್ದರಿಂದ ಮುಂದಿನ ಪತ್ರವನ್ನು ಕತ್ತರಿಸದೆ ಕೊಟ್ಟಿದ್ದೇವೆ. –ಸಂ.)

ವ್ಯಾಕರಣದ ಪುಸ್ತಕ ಸದ್ಯಕ್ಕೆ ಮುಚ್ಚಿಡಿ. ಬ್ಯಾಟರಿ ಆಸಿಡ್‌ನ ಸೇಫ್ಟಿ ಡೇಟಾ ಶೀಟ್ (ಅಪಾಯ, ಮುನ್ನೆಚ್ಚರಿಕೆ ತಿಳಿಸುವ ಹಾಳೆ) ಒಂದನ್ನು ಹುಡುಕಿ ತೆಗೆಯಿರಿ. ಜಿಎಚ್‌ಎಸ್ ಎಂಬ, ರಾಸಾಯನಿಕಗಳ ಅಪಾಯ ಗುರುತಿಸುವ ಜಾಗತಿಕ ಪದ್ಧತಿಯಲ್ಲಿ ಅದಕ್ಕೆ 16 ವಿಭಾಗ, ಕ್ರಮ ಬದಲಾಗದು. 4ನೆಯದು ಪ್ರಥಮ ಚಿಕಿತ್ಸೆ, ಕೈಗವಸು-ಕನ್ನಡಕದ ಮಾತು 8ರಲ್ಲಿ. ಒಂದನ್ನು ನಿಘಂಟು ಹಿಡಿದು ಓದಿ ಮುಗಿಸಿದರೆ ಮುಂದಿನದು ಪರಿಚಿತ. ಇನ್ನು ಇಂಗ್ಲಿಷ್ ಬಾರದೆಂಬ ನಾಚಿಕೆಯ ಮಾತು: ವಿಮಾನ ನಿರ್ವಹಣೆಯ ಕೈಪಿಡಿಗಳಿಗೆಂದು ಹುಟ್ಟಿದ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ನಲ್ಲಿ ಕೆಲಸದ ಸೂಚನೆಯ ವಾಕ್ಯ 20 ಪದ ಮೀರುವಂತಿಲ್ಲ. ಓದುವ ಮೆಕ್ಯಾನಿಕ್‌ನ ತಾಯ್ನುಡಿ ಇಂಗ್ಲಿಷ್ ಅಲ್ಲದಿರಬಹುದು ಎಂದು ಬರೆಯುವವರೇ ಒಪ್ಪಿಕೊಂಡಿದ್ದಾರೆ. ನಿಮಗೇಕೆ ಸಂಕೋಚ?
–ತರಬೇತಿ ಶಿಕ್ಷಕಿ

(ಯಾವ ಯಂತ್ರದ ಮ್ಯಾನ್ಯುಯಲ್ ಎಂದು ತಿಳಿಸಿದರೆ ಒಂದು ಪುಟ ಜೊತೆಗೆ ಕೂತು ಓದಿಸಲು ಈ ಶಿಕ್ಷಕಿ ಸಿದ್ಧರಿದ್ದಾರೆ. ವ್ಯಾಕರಣ ಪುಸ್ತಕಗಳ ಪಟ್ಟಿ ಕಳಿಸಿದವರಿಗೆ ವಂದನೆ, ಸ್ಥಳಾಭಾವ. –ಸಂ.)